ಜುಜುಬಿ ಎಂಬ ಪದ, ಎಲಚಿ ಎಂಬ ಮರ

‘ಅದ್ಯಾವ ಮಹಾ, ಜುಜುಬಿ ವಿಷಯ’ ಎನ್ನುವ ಮಾತು ಮಧುಗಿರಿಯ ಬಸ್ ನಿಲ್ದಾಣದಲ್ಲಿ ಎಷ್ಟು ಸಲೀಸೋ ವಿಧಾನಸೌಧದ ಮೊಗಸಾಲೆಯಲ್ಲೂ ಅಷ್ಟೇ ಸಲೀಸು. ಜುಜುಬಿ ಸಂಬಳ, ಜುಜುಬಿ ಜಗಳ, ಜುಜುಬಿ ಎರಡು ಸಾವಿರ ರೂಪಾಯಿ. ಈ ಪದ ಸಾಮಾನ್ಯವಾಗಿ ಇನ್ನೊಂದು ಪದದ ಮುಂದೆ ನಿಂತೇ ಕೆಲಸ ಮಾಡುತ್ತದೆ. ಅದಕ್ಕೆ ಬಹುವಚನವಿಲ್ಲ, ವಿಭಕ್ತಿ ಹತ್ತುವುದು ಅಪರೂಪ, ಅದರಿಂದ ಒಂದು ಕ್ರಿಯಾಪದವೂ ಹುಟ್ಟಿಲ್ಲ. ಹೆಸರುಪದವಾಗಿದ್ದದ್ದು ಹೀಗೆ ಬರೀ ವಿಶೇಷಣವಾಗಿ ಉಳಿದಿದೆ ಎಂದರೆ, ಅದನ್ನು ಆಡುವವರ ಕಣ್ಣೆದುರು ಆ ವಸ್ತು ಇಲ್ಲವೆಂದೇ ತಿಳಿಯಬೇಕು. ವಸ್ತು ಯಾವುದು?

ಸಾಮಾನ್ಯವಾಗಿ ಸಿಗುವ ಉತ್ತರ ಇದು: ಇಂಗ್ಲಿಷಿನಲ್ಲಿ ಜುಜುಬ್ ಎಂದರೆ ಎಲಚಿ ಹಣ್ಣು, ಎಲಚಿ ಬೇಲಿಯಲ್ಲಿ ಬಿಟ್ಟಿ ಸಿಗುವ ಹಣ್ಣು, ಬಿಟ್ಟಿ ಸಿಗುವುದಕ್ಕೆ ಬೆಲೆ ಇಲ್ಲ, ಆದ್ದರಿಂದ ಬೆಲೆಯಿಲ್ಲದ್ದೆಲ್ಲ ಜುಜುಬಿ. ಕೇಳಲು ಚೆನ್ನಾಗಿದೆ, ಅರ್ಧ ನಿಜವೂ ಹೌದು. ಉಳಿದರ್ಧವನ್ನು ಪರೀಕ್ಷೆ ಮಾಡಬೇಕಾದರೆ ಎಲಚಿ ನಿಜವಾಗಿ ಬೆಳೆಯುವ, ಜನ ಅದರ ಜತೆ ಬಾಳಿದ ನೆಲಕ್ಕೆ ಬರಬೇಕು. ತುಮಕೂರು ಜಿಲ್ಲೆಯ ಉತ್ತರದ ಮಗ್ಗುಲಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಅಂಥ ನೆಲ.

ಇಲ್ಲಿಂದಲೇ ಈ ವಿಚಾರ ತೆಗೆಯಲು ಇನ್ನೊಂದು ಕಾರಣವೂ ಇದೆ. ಕನ್ನಡಿಗರಿಗೆ ಪದದ ಅರ್ಥ ಕೇಳುವ ಅಭ್ಯಾಸ ಹಿಡಿಸಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಬಾಲ್ಯದಲ್ಲಿ ಓದಿದ್ದು ಬನ್ನೂರು ಮತ್ತು ಮಧುಗಿರಿಯ ಶಾಲೆಗಳಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಅವರ ದುಡಿಮೆಯ ದೊಡ್ಡ ಫಲ. ಆದರೆ ಮನೆಮನೆಗೆ ಮುಟ್ಟಿದ್ದು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣ. ಪದವೊಂದು ಯಾವ ಭಾಷೆಯಿಂದ ಹೊರಟಿತು ಎನ್ನುವಷ್ಟೇ ಮುಖ್ಯವಾದದ್ದು ಅದನ್ನು ಜನ ಯಾವ ಸಂದರ್ಭದಲ್ಲಿ ಆಡುತ್ತಾರೆ ಎನ್ನುವುದು. ಆ ಅಂಕಣ ಓದಿ ಬೆಳೆದವರಿಗೆ ಈ ಪಾಠ ತಾನಾಗಿ ಬಂದಿದೆ. ಜುಜುಬಿಯನ್ನೂ ಆ ಒರೆಗೆ ಹಚ್ಚಿ ನೋಡೋಣ.

ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಶಿರಾ, ಪಾವಗಡಗಳಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ಬಂದ ವರ್ಷಕ್ಕೆ. ಇಂಥ ಕಡೆ ಯಾರೂ ನೆಡದೆ, ನೀರು ಹನಿಸದೆ ಬದುವಿನ ಮೇಲೆ, ಗೋಮಾಳದಲ್ಲಿ, ಬಂಡೆಯ ಬುಡದಲ್ಲಿ ಬೆಳೆದು ನಿಲ್ಲುವ ಮರ ಎಲಚಿ. ಬೇರು ಆಳಕ್ಕೆ ಇಳಿಯುತ್ತದೆ, ಮೇಲೆ ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ. ಒಂದು ಟೊಂಗೆಯನ್ನು ಹತ್ತಿರದಿಂದ ನೋಡಿದರೆ ಮರದ ಜಾಣತನ ಕಾಣುತ್ತದೆ. ಎಲೆಯ ಮೇಲ್ಮೈ ಹೊಳೆಯುವ ಹಸಿರು, ಕೆಳಮೈಗೆ ಬೂದುಬಿಳುಪಿನ ನವಿರು ರೋಮ. ತೊಟ್ಟಿನಿಂದಲೇ ಮೂರು ನರಗಳು ತುದಿಯವರೆಗೂ ಓಡುತ್ತವೆ. ಎಲೆಯ ಬುಡದಲ್ಲಿ ಜೋಡಿ ಮುಳ್ಳು, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಹಿಂದಕ್ಕೆ ಬಾಗಿದ್ದು. ಕೈ ಒಳಗೆ ಹೋಗಲು ಬಿಡುತ್ತದೆ, ಹೊರಗೆ ತೆಗೆಯುವಾಗ ಅಂಗಿಯನ್ನೂ ಚರ್ಮವನ್ನೂ ಹಿಡಿಯುತ್ತದೆ. ಹಣ್ಣು ಕೀಳಲು ಹೋದ ಮಕ್ಕಳ ತೋಳಿನ ಗೀರುಗಳೆಲ್ಲ ಆ ಕೊಕ್ಕೆಮುಳ್ಳಿನವು.

ಹೆಸರುಗಳೂ ಇಲ್ಲಿ ಒಂದೇ ಅಲ್ಲ. ಹಳೆ ಮೈಸೂರಿನ ಕಡೆ ಎಲಚಿ, ಆಡುಮಾತಿನಲ್ಲಿ ಯಲಚಿ. ಚಿತ್ರದುರ್ಗದ ಕಡೆಗೆ ಸರಿದಂತೆ ಬಾರೆ, ಬೋರೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ತೆಲುಗು ಮನೆಮಾತಿನವರಿಗೆ ಇದು ರೇಗಿ ಪಂಡು. ಎಲಚಿಗೆ ತಮಿಳಿನ ‘ಇಲಂದೈ’ ಒಡಹುಟ್ಟಿದ ಪದ, ದ್ರಾವಿಡ ಮೂಲದ್ದು. ಬೋರೆ, ಬಾರೆಗಳು ಸಂಸ್ಕೃತದ ಬದರಿಯಿಂದ ಇಳಿದು ಬಂದವು, ಮರಾಠಿಯ ಬೋರ, ಹಿಂದಿಯ ಬೇರ್ ಇವುಗಳ ದಾಯಾದಿಗಳು. ಬದರಿನಾಥದ ಬದರಿಯೂ ಇದೇ. ಬೆಂಗಳೂರಿನ ಮೆಟ್ರೊದಲ್ಲಿ ಎಲಚೇನಹಳ್ಳಿ ನಿಲ್ದಾಣದಲ್ಲಿ ಇಳಿಯುವ ಸಾವಿರಾರು ಜನ ದಿನವೂ ಈ ಮರದ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳುತ್ತಾರೆ.

ಹೂವು ಮಳೆಗಾಲದ ಕೊನೆಗೆ, ಹಣ್ಣು ಚಳಿಗಾಲಕ್ಕೆ. ರಾಗಿ ಕೊಯ್ಲು, ಒಕ್ಕಣೆಗಳ ಕಾಲಕ್ಕೆ ಎಲಚಿ ಹಳದಿಯಾಗಿ, ಆಮೇಲೆ ಕೆಂಪಗೆ ಸುಕ್ಕಾಗಿ ಉದುರುತ್ತದೆ. ಸಂಕ್ರಾಂತಿಯ ಸಂಜೆ ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು, ಹೂವಿನ ಎಸಳು ಬೆರೆಸಿ ತಲೆಯ ಮೇಲಿಂದ ಎರೆಯುವ ಪದ್ಧತಿ ನಮ್ಮ ಕಡೆಯ ಹಲವು ಮನೆಗಳಲ್ಲಿದೆ. ತೆಲುಗರ ಮನೆಗಳಲ್ಲಿ ಇದು ಭೋಗಿ ಹಬ್ಬದ ದಿನ. ಮಗುವಿಗೆ ದೃಷ್ಟಿ ತಾಗದಿರಲಿ, ಆಯುಸ್ಸು ಹೆಚ್ಚಲಿ ಎಂಬ ಹಾರೈಕೆಗೆ ಜನ ಆರಿಸಿಕೊಂಡದ್ದು ಈ ಹಣ್ಣನ್ನು. ಉಳಿದದ್ದನ್ನು ಬಿಸಿಲಿಗೆ ಹರವಿ, ಉಪ್ಪು, ಮೆಣಸಿನಕಾಯಿ, ಬೆಲ್ಲ ಹಾಕಿ ಒರಳಲ್ಲಿ ಕುಟ್ಟಿ ವಡೆಯಂತೆ ತಟ್ಟಿ ಒಣಗಿಸಿಟ್ಟರೆ ಬೇಸಿಗೆಯುದ್ದಕ್ಕೂ ಬಾಯಿಗೆ ರುಚಿ. ಎಲೆ ಆಡು-ಕುರಿಗೆ ಮೇವು, ಗಟ್ಟಿಮರ ನೇಗಿಲು-ಗುದ್ದಲಿಯ ಹಿಡಿಗೆ, ಮುಳ್ಳು ಬೇಲಿಗೆ. ಬರಗಾಲದಲ್ಲಿ ಹಣ್ಣೇ ಊಟ.

ಮುಳ್ಳಿನ ಮಾತು ಬಂದಾಗ ಕಾಡುಗೊಲ್ಲರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಶಿರಾ, ಪಾವಗಡ, ಮಧುಗಿರಿಗಳ ಗೊಲ್ಲರಹಟ್ಟಿಗಳಿಗೆ ಮುಳ್ಳಿನ ಬೇಲಿ ಊರಿನ ಗಡಿ. ಅವರ ವೀರ ಜುಂಜಪ್ಪನ ಗುಡ್ಡೆ ಇರುವುದು ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ. ಇದೇ ಸಮುದಾಯದವರು ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಸುವ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆ ಮುಳ್ಳನ್ನು ರಾಶಿ ಒಟ್ಟಿ ಗುಡಿ ಕಟ್ಟುತ್ತಾರೆ. ತುದಿಯಲ್ಲಿ ಕಳಶ. ಹರಕೆ ಹೊತ್ತ ಯುವಕರು ಆ ಮುಳ್ಳಿನ ಮೇಲೆ ಬರಿಗಾಲಲ್ಲಿ ಏರಿ ಕಳಶ ಇಳಿಸುತ್ತಾರೆ. ದೇವರ ಮನೆಗೇ ಗೋಡೆಯಾದ ಮರವಿದು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಒಂದೇ. ಈ ಸೀಮೆಯಲ್ಲಿ ‘ಅದೊಂದು ಎಲಚಿ ವಿಷಯ’ ಎಂದು ಯಾರೂ ಅನ್ನುವುದಿಲ್ಲ. ‘ಬಾರೆಹಣ್ಣಿನಷ್ಟು ಸಂಬಳ’ ಎನ್ನುವುದಿಲ್ಲ. ಪಾವಗಡದ ತೆಲುಗಿನಲ್ಲೂ ರೇಗಿ ಪಂಡು ಬೈಗುಳವಲ್ಲ. ಎಲಚಿಯ ಅಗ್ಗತನವೇ ಜುಜುಬಿಯ ಅರ್ಥಕ್ಕೆ ತಾಯಿಯಾಗಿದ್ದರೆ ಆ ಅರ್ಥ ಮೊದಲು ಅಂಟಬೇಕಾಗಿದ್ದದ್ದು ನಮ್ಮದೇ ಹೆಸರಿಗೆ. ಅಂಟಲಿಲ್ಲ. ಹಣ್ಣಿನ ಜತೆ ಬಾಳಿದವರು ಅದನ್ನು ತಾತ್ಸಾರದ ಮಾತಾಗಿ ಬಳಸಲಿಲ್ಲ. ಆದ್ದರಿಂದ ತಾತ್ಸಾರ ಹೊರಗಿನ ಹೆಸರಿನ ಜತೆಗೇ, ಹೊರಗಿನಿಂದಲೇ ಬಂತು ಎನ್ನುವುದು ನನ್ನ ವಾದ.

ಆ ಹೊರಗಿನ ದಾರಿ ಸ್ಪಷ್ಟವಾಗಿದೆ. ಗ್ರೀಕಿನ ‘ಜಿಜಿಫೊನ್’ ಲ್ಯಾಟಿನ್ನಿಗೆ ಹೋಯಿತು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಅದು ‘ಜುಜುಬ’. ಅಲ್ಲಿಂದ ಫ್ರೆಂಚ್, ಇಂಗ್ಲಿಷ್. ಸಸ್ಯಶಾಸ್ತ್ರಜ್ಞರು ಗ್ರೀಕ್ ರೂಪವನ್ನೂ ಲ್ಯಾಟಿನ್ ರೂಪವನ್ನೂ ಒಟ್ಟಿಗೆ ಕಟ್ಟಿ ‘ಜಿಜಿಫಸ್ ಜುಜುಬ’ ಎಂದರು. ಒಂದೇ ಪದ ಎರಡು ಸಲ. ಬ್ರಿಟಿಷರ ಕಾಲದ ಭಾರತೀಯ ಸಸ್ಯಗ್ರಂಥಗಳಲ್ಲಿ ನಮ್ಮ ಎಲಚಿಗೆ ಇದೇ ಹೆಸರು. ಈಗ ಎಲಚಿಯನ್ನು ‘ಜಿಜಿಫಸ್ ಮಾರಿಷಿಯಾನ’ ಎಂದು ಬೇರೆ ಮಾಡಿ, ಜುಜುಬ ಎಂಬುದನ್ನು ಚೀನಾದ, ಖರ್ಜೂರದಂತೆ ಒಣಗಿಸಿ ತಿನ್ನುವ ಅದರ ಸೋದರ ಹಣ್ಣಿಗೆ ಮೀಸಲಿಟ್ಟಿದ್ದಾರೆ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಎಲಚಿ ಈಗ ಜುಜುಬ ಅಲ್ಲ.

ಇಂಗ್ಲಿಷಿನಲ್ಲಿ ಜುಜುಬ್ ಇನ್ನೊಂದು ಹೆಜ್ಜೆ ಇಟ್ಟಿತು. ಕೆಮ್ಮು, ಗಂಟಲುನೋವಿಗೆ ಈ ಹಣ್ಣಿನ ರಸ ಬೆರೆಸಿದ ಗೋಂದಿನ ಗುಳಿಗೆ ಮಾಡುತ್ತಿದ್ದರು. ಗುಳಿಗೆಗೂ ಅದೇ ಹೆಸರು ಬಂತು. ಆಮೇಲೆ ಹಣ್ಣಿನ ರಸ ಮಾಯವಾಗಿ, ಬಣ್ಣ, ಸಕ್ಕರೆ, ಗೋಂದು ಉಳಿದು, ಮಕ್ಕಳು ಕಚ್ಚುವ ಮೆತ್ತನೆಯ ಮಿಠಾಯಿಯಾಯಿತು. ಮೇಲೆ ಸಕ್ಕರೆ ಉದುರಿಸಿದ, ಕೆಂಪು-ಹಸಿರು-ಹಳದಿ ತುಂಡುಗಳು ನಮ್ಮ ಬೇಕರಿಗಳ ಗಾಜಿನ ಬಾಟಲಿಗಳಲ್ಲಿ ಇಂದಿಗೂ ಜುಜುಬ್ಸ್ ಎಂಬ ಹೆಸರಿನಲ್ಲೇ ಸಿಗುತ್ತವೆ. ಕಡಿಮೆ ಕಾಸಿಗೆ ಸಿಗುವ, ಬಾಯಿಗೆ ಹಾಕಿಕೊಂಡರೆ ಕ್ಷಣದಲ್ಲಿ ಕರಗುವ, ಹೊಟ್ಟೆ ತುಂಬದ ತಿಂಡಿ. ‘ಗಣನೆಗಿಲ್ಲದ್ದು’ ಎಂಬ ಅರ್ಥಕ್ಕೆ ಬೇಲಿಯ ಎಲಚಿಗಿಂತ ಬಾಟಲಿಯ ಈ ಮಿಠಾಯಿ ಹತ್ತಿರ.

ಪದದ ಕೊನೆಯ ‘ಇ’ಕಾರವೂ ಇದನ್ನೇ ಹೇಳುತ್ತದೆ. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಕ್ಕೆ ಕನ್ನಡದ ನಾಲಿಗೆ ‘ಉ’ ಹಚ್ಚುತ್ತದೆ: ಟ್ಯೂಬು, ಕ್ಲಬ್ಬು, ಬಲ್ಬು. ಆ ಲೆಕ್ಕದಲ್ಲಿ ನಮಗೆ ಬರಬೇಕಾಗಿದ್ದದ್ದು ಜುಜುಬು. ಇಕಾರ ಬಂದಿರುವುದಕ್ಕೆ ಎರಡು ದಾರಿ ಕಾಣುತ್ತವೆ. ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿರುವ, ಉಚ್ಚಾರದಲ್ಲಿ ಮೌನವಾದ ಅಕ್ಷರವನ್ನು ಓದಿ ಹೇಳಿದರೆ ಜುಜುಬಿ ಆಗುತ್ತದೆ. ಅಮೆರಿಕದಲ್ಲಿ ಹಲವರು ಹಾಗೆಯೇ ಹೇಳುತ್ತಾರೆ. ಇನ್ನೊಂದು, ಮಾಮೂಲಿ, ಖಾಸಗಿ, ಸರ್ಕಾರಿ ಮುಂತಾದ ಇಕಾರಾಂತ ವಿಶೇಷಣಗಳ ಸಾಲಿನಲ್ಲಿ ಈ ಪದ ತಾನಾಗಿ ಹೋಗಿ ಕೂತಿರಬಹುದು. ತಮಿಳಿನಲ್ಲೂ ಇದೇ ರೂಪ, ಇದೇ ಅರ್ಥ. 2023ರ ರಜನೀಕಾಂತ್ ಅವರ ‘ಜೈಲರ್’ ಚಿತ್ರದಲ್ಲಿ ಈ ಹೆಸರಿನ ಹಾಡೇ ಇದೆ. ಎರಡು ನೆರೆಭಾಷೆಗಳಲ್ಲಿ ಒಂದೇ ಅಂತ್ಯ, ಒಂದೇ ಅರ್ಥ ಇರುವುದರಿಂದ ಇದು ಹಳ್ಳಿಯ ಬೇಲಿಯಲ್ಲಿ ಹುಟ್ಟಿದ ಪದವಲ್ಲ, ಪೇಟೆಗಳ ನಡುವೆ ಓಡಾಡಿದ ಪದ. ‘ಜುಜು’ ಎಂಬ ಸದ್ದಿನಲ್ಲೇ ಒಂದು ಚಿಕ್ಕತನವಿದೆ, ಅದೂ ಅರ್ಥಕ್ಕೆ ಕೈಜೋಡಿಸಿದೆ ಎನ್ನುವವರಿದ್ದಾರೆ. ಒಪ್ಪಬಹುದಾದ ಮಾತು. ಹಣ್ಣಿನಿಂದ ಹೆಸರು, ಮಿಠಾಯಿಯಿಂದ ಅರ್ಥ, ಸದ್ದಿನಿಂದ ಸೊಗಸು.

ಹಾಗಾದರೆ ಜುಜುಬಿ ಬರುವ ಮುಂಚೆ ಈ ನಾಲ್ಕು ತಾಲ್ಲೂಕಿನವರು ಏನೆನ್ನುತ್ತಿದ್ದರು? ಈಗಲೂ ಏನೆನ್ನುತ್ತಾರೆ? ಇಲ್ಲಿ ಭಂಡಾರವೇ ಇದೆ. ‘ಯಾವ ಮೂಲೆಗೆ?’ ಎನ್ನುತ್ತಾರೆ, ಬಂದ ದುಡ್ಡು ಖರ್ಚಿನ ಮುಂದೆ ಏನೂ ಅಲ್ಲ ಎನ್ನಲು. ‘ಅವನ್ಯಾವೂರ ದಾಸಯ್ಯ’ ಎನ್ನುತ್ತಾರೆ, ಶಂಖ-ಜಾಗಟೆ ಹಿಡಿದು ಊರೂರು ತಿರುಗುವವನ ಊರು ಯಾವುದಾದರೇನು ಎಂಬ ಧಾಟಿಯಲ್ಲಿ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಾರೆ. ‘ಅತ್ಲಾಗೆ ಬಿಡು’ ಎನ್ನುತ್ತಾರೆ. ಪುಟಗೋಸಿ ಎನ್ನುತ್ತಾರೆ. ಎಳ್ಳಷ್ಟೂ ಇಲ್ಲ, ಸಾಸಿವೆಯಷ್ಟು, ಗುಲಗಂಜಿಯಷ್ಟು, ಬಿಡಿಕಾಸು, ಕವಡೆ ಕಾಸಿನ ಕಿಮ್ಮತ್ತಿಲ್ಲ, ಮೂರು ಕಾಸಿಗೂ ಬೇಡ.

ಈ ಕೊನೆಯ ಗುಂಪನ್ನು ತುಸು ನಿಂತು ನೋಡಬೇಕು. ಇವೆಲ್ಲ ಲೆಕ್ಕದಿಂದ ಹೊರಗುಳಿದ ವಸ್ತುಗಳಲ್ಲ. ಲೆಕ್ಕದ ಅತಿ ಚಿಕ್ಕ ಘಟಕಗಳು. ಕಾಸು ಅಂದರೆ ರೂಪಾಯಿಯ ಕಟ್ಟಕಡೆಯ ತುಣುಕು. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಅಂದರೆ ರೂಪಾಯಿಗೆ 192. 1957ರ ಏಪ್ರಿಲ್ 1ರಂದು ದಶಮಾನ ಪದ್ಧತಿ ಬಂದು ಆ ಲೆಕ್ಕ ಹೋಯಿತು, ಪದ ಉಳಿಯಿತು. ಈ ಚಿಕ್ಕ ನಾಣ್ಯದ ಹೆಸರೇ ಪೋರ್ಚುಗೀಸರ ಬಾಯಿ ಹಾದು ಇಂಗ್ಲಿಷಿಗೆ ಹೋಗಿ ದಕ್ಷಿಣ ಭಾರತದ ನಾಣ್ಯಕ್ಕೆ ‘ಕ್ಯಾಶ್’ ಎಂಬ ಹೆಸರಾಯಿತು. ಕವಡೆ ಮಾಲ್ಡೀವ್ಸ್‌ನ ಕಡಲಿನದು. ಬಂಗಾಳ, ಒಡಿಶಾಗಳಲ್ಲಿ 19ನೇ ಶತಮಾನದ ಆರಂಭದವರೆಗೂ ಅದನ್ನೇ ಎಣಿಸಿ ವ್ಯಾಪಾರ ನಡೆಯುತ್ತಿತ್ತು. ಕಡಲಿಂದ ಇಷ್ಟು ದೂರದ ನಮ್ಮ ಸೀಮೆಯಲ್ಲಿ ಅದೇ ಕವಡೆ ಮೈಲಾರಲಿಂಗನ ಗೊರವರ ಮೈಮೇಲಿನ ಅಲಂಕಾರ.

ಗುಲಗಂಜಿಯೂ ಹಾಗೆಯೇ. ಎಲಚಿಯ ಪಕ್ಕದಲ್ಲೇ, ಅದೇ ಬೇಲಿಯಲ್ಲಿ ಹಬ್ಬುವ ಬಳ್ಳಿ; ಕೆಂಪು ಬೀಜ, ಕಪ್ಪು ಚುಕ್ಕೆ. ಒಂದು ಬೀಜಕ್ಕೂ ಇನ್ನೊಂದಕ್ಕೂ ತೂಕದಲ್ಲಿ ಹೆಚ್ಚು ವ್ಯತ್ಯಾಸ ಬಾರದ್ದರಿಂದ ಅಕ್ಕಸಾಲಿಗರು ಚಿನ್ನ ತೂಗಲು ಅದನ್ನೇ ನಂಬಿದರು. ಬ್ರಿಟಿಷರ ಕಾಲಕ್ಕೆ ಸ್ಥಿರವಾದ ತೊಲದಲ್ಲಿ 96 ರತ್ತಿ, ಅಂದರೆ 96 ಗುಲಗಂಜಿ. ಒಂದು ಬೀಜಕ್ಕೆ ಸುಮಾರು 0.12 ಗ್ರಾಂ. ಇನ್ನು ಎಲಚಿಯದೇ ಸಂಗತಿ: ಸಂಸ್ಕೃತದಲ್ಲಿ ಅದಕ್ಕೆ ‘ಕೋಲ’ ಎಂಬ ಇನ್ನೊಂದು ಹೆಸರಿದೆ, ಆಯುರ್ವೇದದಲ್ಲಿ ಕೋಲ ಒಂದು ತೂಕ, ಸುಮಾರು 6 ಗ್ರಾಂ. ಔಷಧಿ ಗಿಡಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟದ ತಪ್ಪಲಿನಲ್ಲಿ ಕೂತು ಹಳೆಯ ಗ್ರಂಥದ ಪ್ರಕಾರ ಚೂರ್ಣ ಅಳೆಯುವ ಪಂಡಿತನ ಕೈಯಲ್ಲಿ ಎಲಚಿ ಹಣ್ಣು ಒಂದು ಪ್ರಮಾಣ. ಜುಜುಬಿ ಎಂದು ನಾವು ತಳ್ಳಿಹಾಕುವ ಹಣ್ಣಿನಿಂದ ನಮ್ಮ ಹಿರಿಯರು ಮದ್ದು ಅಳೆದಿದ್ದಾರೆ. ಕಡಿಮೆ ಎನ್ನಲು ಒಂದು ಅಳತೆ ಬೇಕೇ ಬೇಕು. ಕನ್ನಡದ ಈ ಹಳೆಯ ಮಾತುಗಳು ಆ ಅಳತೆಯನ್ನು ಎಂದೂ ಕೈಬಿಡಲಿಲ್ಲ. ಜುಜುಬಿಯಲ್ಲಿ ಅಳತೆಯೇ ಇಲ್ಲ. ಹಳೆಯ ಪದಗಳಿಗೂ ಇದಕ್ಕೂ ಇರುವ ನಿಜವಾದ ಅಂತರ ಇದು.

ಹೊರಜಗತ್ತಿನಲ್ಲೂ ಇಂಥ ಪದಗಳು ಹೊಲ-ತೋಟದಿಂದಲೇ ಬಂದಿವೆ. ಅಂಜೂರದ ಲೆಕ್ಕಕ್ಕೂ ಇಲ್ಲ ಎಂದು ಇಂಗ್ಲಿಷಿನವರು, ಜೀರಿಗೆಯಷ್ಟೂ ಇಲ್ಲ ಎಂದು ಸ್ಪೇನಿನವರು. 18ನೇ ಶತಮಾನದ ಇಂಗ್ಲಿಷಿನಲ್ಲಿ, ಯಾವುದನ್ನಾದರೂ ಬೆಲೆಯಿಲ್ಲದ್ದೆಂದು ಎಣಿಸುವುದಕ್ಕೆ, ಲ್ಯಾಟಿನ್ ವ್ಯಾಕರಣದ ನಾಲ್ಕು ಪದಗಳನ್ನು ಪೋಣಿಸಿ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂಬ 29 ಅಕ್ಷರಗಳ ಪದ ಕಟ್ಟಿದರು. ಅದರ ಮೊದಲ ತುಂಡು ‘ಫ್ಲಾಕಸ್’ ಎಂದರೆ ಉಣ್ಣೆಯ ಎಳೆ. ಕುರಿಯ ಉಣ್ಣೆ ಕತ್ತರಿಸಿ, ನೂತು, ಕಂಬಳಿ ನೇಯ್ದು ಬದುಕಿದ ಶಿರಾ ಸೀಮೆಯ ಕುರುಬರಿಗೆ ಒಂದೊಂದು ಎಳೆಯೂ ಲೆಕ್ಕ. ಇಂಗ್ಲಿಷಿನಲ್ಲಿ ಅಲ್ಪ ಮೊತ್ತಕ್ಕೆ ‘ಪೀನಟ್ಸ್’ ಎಂದು ಹೇಳುವಾಗ ನನಗೆ ಪಾವಗಡದ ರೈತರು ನೆನಪಾಗುತ್ತಾರೆ. ಶಿರಾ-ಪಾವಗಡಗಳಲ್ಲಿ ಕಡಲೆಕಾಯಿ ಮುಂಗಾರಿನ ಮುಖ್ಯ ಬೆಳೆ. ಹೂಬಿಟ್ಟು ಊಡು ಇಳಿಯುವ ಹೊತ್ತಿಗೆ ಒಂದು ಮಳೆ ಕೈಕೊಟ್ಟರೆ ವರ್ಷದ ಸಂಸಾರವೇ ಸಾಲಕ್ಕೆ ಬೀಳುತ್ತದೆ. ಯಾರದೋ ಭಾಷೆಯ ಜುಜುಬಿ ಇಲ್ಲಿ ಮಗಳ ಮದುವೆ, ಮಗನ ಕಾಲೇಜು ಶುಲ್ಕ.

ಸಂಸ್ಕೃತದ ಮೂಲಕ ಬಂದ ಪದಗಳ ಕತೆ ಬೇರೆ. ನಗಣ್ಯ ಎಂದರೆ ಎಣಿಸಬಾರದ್ದು, ಅಷ್ಟೇ, ಕಚೇರಿಯ ಕನ್ನಡ. ಯಃಕಶ್ಚಿತ್ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಅದರ ಅರ್ಥ ‘ಯಾವನಾದರೂ ಒಬ್ಬ’ ಎಂದು ಮಾತ್ರ, ಅದರಲ್ಲಿ ತಿರಸ್ಕಾರದ ಸುಳಿವಿಲ್ಲ. ಕನ್ನಡ, ಮರಾಠಿಗಳಿಗೆ ಬರುವಾಗ ‘ಯಾರೋ ಒಬ್ಬ’ನಿಗೆ ಬೆಲೆ ಇಲ್ಲವೆಂಬ ಅರ್ಥ ಹತ್ತಿಕೊಂಡಿತು. ಹೆಸರಿಲ್ಲದವನು ಲೆಕ್ಕಕ್ಕಿಲ್ಲ ಎಂಬ ತೀರ್ಮಾನ ಸಮಾಜದ್ದು, ವ್ಯಾಕರಣದ್ದಲ್ಲ. ಈ ಪದ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕ್ಷುಲ್ಲಕದ ಬೇರು ಕ್ಷುದ್ರ. ಪ್ರಾಕೃತದ ಬಾಯಲ್ಲಿ ಅದು ಮೆತ್ತಗಾಗಿ ಮತ್ತೆ ಸಂಸ್ಕೃತಕ್ಕೆ ಮರಳಿ ಬಂದದ್ದು. ಇವತ್ತು ‘ಕ್ಷುಲ್ಲಕ ಕಾರಣಕ್ಕೆ ಕೊಲೆ’ ಎಂಬ ಪತ್ರಿಕೆಯ ತಲೆಬರಹವೇ ಅದರ ಕಾಯಂ ವಿಳಾಸ. ಆದರೆ ಜೈನರಲ್ಲಿ ಕ್ಷುಲ್ಲಕ ಗೌರವದ ಪದವಿ: ಮನೆಮಠ ಬಿಟ್ಟು, ಕೌಪೀನ ಮತ್ತು ಒಂದು ತುಂಡು ಬಟ್ಟೆಯಷ್ಟನ್ನೇ ಉಳಿಸಿಕೊಂಡು, ಮುನಿದೀಕ್ಷೆಯ ದಾರಿ ಹಿಡಿದ ಸಾಧಕ. ಅವನಿಗಿಂತ ಒಂದು ಮೆಟ್ಟಿಲು ಮೇಲಿನ ಐಲಕನಿಗೆ ಕೌಪೀನವೊಂದೇ. ಅಂದರೆ ನಾವು ಬೈಗುಳ ಮಾಡಿಕೊಂಡ ಪುಟಗೋಸಿ ಅಲ್ಲಿ ತ್ಯಾಗದ ಎತ್ತರ. ಪಾವಗಡ ತಾಲ್ಲೂಕಿನ ನಿಡಗಲ್ಲಿನಲ್ಲಿ ಪಾರ್ಶ್ವನಾಥ ಬಸದಿ ಇದೆ, ತುಮಕೂರಿನ ಬಳಿ ಮಂದರಗಿರಿ ಇದೆ; ಈ ಸೀಮೆಯಲ್ಲಿ ಕ್ಷುಲ್ಲಕರು ಕಾಲ್ನಡಿಗೆಯಲ್ಲಿ ಬಂದಾಗ ಎದುರುಗೊಂಡು ಪಾದಕ್ಕೆರಗುವ ಜನರಿದ್ದಾರೆ.

ತೃಣವೆಂದರೆ ಹುಲ್ಲು. ಕನ್ನಡದ ‘ಹುಲು’ ಕೂಡ (ಹುಲುಮಾನವ ಎನ್ನುವಾಗಿನದು) ಹುಲ್ಲಿನ ನಂಟಿನದು. ತಮಿಳಿನ ‘ಪುಲ್’ ಪದಕ್ಕೂ ಹುಲ್ಲು, ಕೀಳು ಎಂಬ ಎರಡೂ ಅರ್ಥಗಳಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋದವರು ಈ ಪದವನ್ನು ಸಲೀಸಾಗಿ ಬಳಸಲಾರರು. 798 ಎಕರೆ ಹುಲ್ಲುಗಾವಲು, ಅದರಲ್ಲಿ ಹಿಂಡುಹಿಂಡು ಕೃಷ್ಣಮೃಗ. 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾಗದೆ ಹೋಗಿದ್ದರೆ, ‘ಬರೀ ಹುಲ್ಲು’ ಎಂಬ ಒಂದೇ ಮಾತಿನಲ್ಲಿ ಆ ಜಾಗವೂ ಹೋಗುತ್ತಿತ್ತು.

ಶಿರಾ ಮೊಗಲರ ದಕ್ಷಿಣದ ಸುಬಾಕ್ಕೆ ರಾಜಧಾನಿಯಾಗಿದ್ದ ಊರು. 1687ರಿಂದ 1757ರವರೆಗೆ, ಏಳು ದಶಕ, ಇಲ್ಲಿಂದ ಕಂದಾಯದ ಆಡಳಿತ ನಡೆಯಿತು; ಆಮೇಲೆ ಮರಾಠರು, 1761ರಲ್ಲಿ ಹೈದರ್. ಕನ್ನಡದ ಕಚೇರಿ ಮಾತಿನಲ್ಲಿ ಪಾರಸಿ-ಅರಬ್ಬಿ ಪದಗಳು ಬೇರುಬಿಟ್ಟದ್ದು ಇಂಥ ಪಟ್ಟಣಗಳ ಮೂಲಕ. ಕಿಮ್ಮತ್ತು ಅಲ್ಲಿಯದು. ಮಾಮೂಲಿ ಅಲ್ಲಿಯದು: ಅರಬ್ಬಿಯಲ್ಲಿ ‘ರೂಢಿಯಲ್ಲಿರುವುದು’, ಕನ್ನಡದಲ್ಲಿ ‘ವಿಶೇಷವಿಲ್ಲದ್ದು’, ಮಾಮೂಲು ಎಂದರೆ ಲಂಚ. ನಾವು ದಿನಕ್ಕೆ ಎಷ್ಟೋ ಸಲ ಆಡುವ ‘ಪರವಾಗಿಲ್ಲ’ದಲ್ಲಿ ಪಾರಸಿಯ ‘ಪರವಾ’, ಅಂದರೆ ಚಿಂತೆ, ಅಡಗಿದೆ. ನನ್ನ ಮಟ್ಟಿಗೆ ಕನ್ನಡದಲ್ಲಿ ‘ಮುಖ್ಯವಲ್ಲ’ ಎನ್ನುವುದಕ್ಕೆ ಇರುವ ಅತಿ ದಯಾಳು ಪದ ಇದೇ. ಕಾಲು ತುಳಿದವನಿಗೂ, ಸಾಲ ತಡವಾಗಿ ತೀರಿಸಿದವನಿಗೂ ಹೇಳುತ್ತೇವೆ. ಆ ಪದ ಚಿಕ್ಕದು ಮಾಡುವುದು ತಪ್ಪನ್ನು, ಮನುಷ್ಯನನ್ನಲ್ಲ.

ಇದೇ ಗುಂಪಿನ ಇನ್ನೊಂದು ಪದಕ್ಕೆ ಅಷ್ಟು ದಯೆ ಇಲ್ಲ. ಖರಾಬು. ಯಾವ ರೈತನ ಪಹಣಿ ತೆಗೆದರೂ ವಿಸ್ತೀರ್ಣದ ಕಾಲಮ್ಮಿನಲ್ಲಿ ಒಟ್ಟು ಎಕರೆ-ಗುಂಟೆ, ಅದರ ಕೆಳಗೆ ಫೂಟ್ ಖರಾಬು ‘ಅ’, ಫೂಟ್ ಖರಾಬು ‘ಬ’, ಆಮೇಲೆ ಉಳಿದದ್ದು ಎಂಬ ಸಾಲುಗಳು ಕಾಣುತ್ತವೆ. ‘ಅ’ ಎಂದರೆ ಸಾಗುವಳಿಗೆ ಒದಗದ ಭಾಗ. ‘ಬ’ ಎಂದರೆ ದಾರಿ, ಹಳ್ಳ, ಮಸಣದಂಥ ಸಾರ್ವಜನಿಕ ಜಾಗ. ಸಾಗುವಳಿಯ ವಿಸ್ತೀರ್ಣದಿಂದ ಎರಡನ್ನೂ ಕಳೆಯುತ್ತಾರೆ. ಬಂಡೆಯ ಬುಡ, ಏರುಪೇರಿನ ದಿಣ್ಣೆ, ಹಳ್ಳದ ಕೊರಕಲು, ಎಲಚಿ ಬೇರು ಬಿಡುವ ಜಾಗಗಳೆಲ್ಲ ಈ ‘ಕಳೆಯುವ’ ಸಾಲಿನಲ್ಲಿವೆ. ಸರ್ಕಾರದ ಕಾಗದದಲ್ಲಿ ಮರ ನಿಂತ ನೆಲಕ್ಕೇ ಜುಜುಬಿ ಎಂಬ ಮುದ್ರೆ ಬಿದ್ದಿದೆ.

ಕಾಗದದ ಪದ ನೆಲದ ಮೇಲೆ ಏನು ಮಾಡಬಲ್ಲದು ಎನ್ನುವುದಕ್ಕೆ ಪಾವಗಡದ ತಿರುಮಣಿಯ ಕಡೆ ನೋಡಬೇಕು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬೆಳೆ ಕೈಗೆ ಹತ್ತದ ಊರಲ್ಲಿ ಅದು ಸಣ್ಣ ಮೊತ್ತವಲ್ಲ, ಜಮೀನಿದ್ದವರಿಗೆ ಆಸರೆಯಾಯಿತು. ಆದರೆ ಯೋಜನೆಯ ಮಾತುಕತೆಯಲ್ಲಿ ಆ ನೆಲಕ್ಕೆ ಮತ್ತೆಮತ್ತೆ ಬಂದ ಹೆಸರು ಬರಡು, ಪಾಳು, ಬಂಜರು. ಅದೇ ಪಾಳಿನಲ್ಲಿ ಕುರಿ ಮೇಯುತ್ತಿದ್ದವು, ಬದುವಿನಲ್ಲಿ ಎಲಚಿ, ಕಾರೆ, ಪರಿಗೆ ಹಣ್ಣಾಗುತ್ತಿದ್ದವು. ಪಹಣಿಯಲ್ಲಿ ಹೆಸರಿಲ್ಲದ ಕುರಿಗಾಹಿಗೂ ಕೂಲಿಯವಳಿಗೂ ಗುತ್ತಿಗೆ ಹಣ ಬರುವಂತಿಲ್ಲ. ಯಃಕಶ್ಚಿತ್ ಎಂಬ ಪದದ ಅರ್ಥ ಅಲ್ಲಿ ಬೇಲಿಯ ಹೊರಗೆ ನಿಂತಿದೆ.

ಹೆದ್ದಾರಿಯ ಬದಿಯಲ್ಲಿ ಈಗ ಕೋಳಿಮೊಟ್ಟೆ ಗಾತ್ರದ, ಹಸಿರು ಹೊಳಪಿನ ‘ಆಪಲ್ ಬೋರೆ’ಯನ್ನು ರಾಶಿ ಹಾಕಿ ತೂಕಕ್ಕೆ ಮಾರುತ್ತಾರೆ. ಎಲಚಿಯದೇ ಜಾತಿ, ಕಸಿ ಕಟ್ಟಿ ತೋಟದಲ್ಲಿ ಬೆಳೆದದ್ದು. ನೀರು ಹೆಚ್ಚು, ಹುಳಿ ಕಡಿಮೆ. ಅದನ್ನು ಜುಜುಬಿ ಹಣ್ಣು ಎಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಅದಕ್ಕೆ ಬೆಲೆ ಇದೆ.

ಬೇಲಿ ಎಲಚಿಯ ಬಗ್ಗೆ ಬರೆದಿಡಬೇಕಾದ್ದು ಬಹಳ ಇದೆ. ಹುಳಿ ಎಲಚಿ, ಸಿಹಿ ಎಲಚಿ, ಹಿಟ್ಟಿನಂತೆ ಬಾಯಿಗಂಟುವ ಎಲಚಿ ಎಂದು ಮರಮರಕ್ಕೂ ಬೇರೆ ರುಚಿ ಗುರುತಿಸಿ, ಯಾವ ಹೊಲದ ಬದುವಿನಲ್ಲಿ ಯಾವುದು ಎಂದು ಹೇಳಬಲ್ಲವರು ಕುರಿ ಕಾಯ್ದು ಬೆಳೆದವರು. ಹೆಚ್ಚಿನವರು ಈಗ ವಯಸ್ಸಾದವರು. ಒಂದೇ ಮನೆಯಲ್ಲಿ ಅಜ್ಜಿ ರೇಗಿ ಎಂದೂ ಸೊಸೆ ಎಲಚಿ ಎಂದೂ ಮೊಮ್ಮಗು ಬೋರೆ ಎಂದೂ ಕರೆಯುವುದು ಪಾವಗಡದ ಗಡಿಹಳ್ಳಿಗಳಲ್ಲಿ ಅಪರೂಪವಲ್ಲ. ತುಮಕೂರು ವಿಶ್ವವಿದ್ಯಾನಿಲಯದ ಕನ್ನಡ ಮತ್ತು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಜೋಡಿಯಾಗಿ ಈ ನಾಲ್ಕು ತಾಲ್ಲೂಕುಗಳಿಗೆ ಚಳಿಗಾಲದಲ್ಲಿ, ಹಣ್ಣು ಮರದಲ್ಲಿರುವಾಗಲೇ ಹೋಗಬೇಕು. ಹೆಸರಿನ ಜತೆಗೆ ಮರ ನಿಂತ ಸರ್ವೆ ನಂಬರನ್ನೂ, ಪಹಣಿ ಅದನ್ನು ಯಾವ ಸಾಲಿನಲ್ಲಿ ಬರೆದಿದೆ ಎನ್ನುವುದನ್ನೂ ಕೇಳಿ ಬರೆದುಕೊಳ್ಳಬೇಕು.